ಕೆಲಸ ಬಿಡದೆ ಕೆಲಸದ ಮನಶ್ಶಾಸ್ತ್ರ ಓದುವುದು: ಬ್ರಿಟನ್ನಿನ ಪಾರ್ಟ್-ಟೈಮ್ ಎಂಎಸ್‌ಸಿಗೆ ಮಾರ್ಗದರ್ಶಿ

ಒಳ್ಳೆಯ ಸಂಬಳವಿದ್ದರೂ ಜನ ಏಕೆ ಬಿಟ್ಟು ಹೋಗುತ್ತಾರೆ? ಇಂಟರ್‌ವ್ಯೂನಲ್ಲಿ ಮಿಂಚಿದವನು ಕೆಲಸದಲ್ಲಿ ಏಕೆ ಮಂಕಾಗುತ್ತಾನೆ? ಲಕ್ಷಗಟ್ಟಲೆ ಸುರಿದ ತರಬೇತಿಯಿಂದ ಏನಾದರೂ ಬದಲಾಯಿತೇ? ಇಂಥ ಪ್ರಶ್ನೆಗಳನ್ನು ಅಳತೆಗೆ ಒಡ್ಡಿ ಓದುವ ಶಾಸ್ತ್ರಕ್ಕೆ ಬ್ರಿಟನ್ನಿನಲ್ಲಿ ಆಕ್ಯುಪೇಷನಲ್ ಸೈಕಾಲಜಿ ಎಂದು ಹೆಸರು. ಕೋರ್ಸಿನ ಹೆಸರಿನಲ್ಲಿ ಆರ್ಗನೈಸೇಷನಲ್, ವರ್ಕ್, ಬಿಸಿನೆಸ್ ಎಂಬ ಮಾತುಗಳೂ ಬರುತ್ತವೆ. ಈ ಹೆಸರುಗಳ ನಡುವಿನ ವ್ಯತ್ಯಾಸವನ್ನು ಕಡೆಗಣಿಸಿದವರು ಕೊನೆಗೆ ಪೇಚಿಗೆ ಸಿಕ್ಕುತ್ತಾರೆ. ಅದಕ್ಕೆ ಮುಂದೆ ಬರೋಣ.

ಬ್ರಿಟನ್ನನ್ನೇ ಏಕೆ ಹಿಡಿದೆವು ಎಂದರೆ, ಹಗಲು ದುಡಿದು ಸಂಜೆ ಓದುವವರಿಗೆ ಈ ವಿಷಯದಲ್ಲಿ ದಾರಿ ಸವೆದಿರುವುದು ಅಲ್ಲಿ. ಲಂಡನ್ನಿನ ಬರ್ಕ್‌ಬೆಕ್ ಕಾಲೇಜು 1823ರಲ್ಲಿ ಹುಟ್ಟಿದ್ದೇ ದುಡಿಯುವ ಜನರಿಗಾಗಿ. ಆಗ ಅದರ ಹೆಸರು ಲಂಡನ್ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್. ಸಂಜೆ ಪಾಠ ಅಲ್ಲಿನ ಸಂಪ್ರದಾಯ. ಭಾರತದಲ್ಲಿ ಕೆಲಸದಲ್ಲಿದ್ದವರು ಹಿಡಿಯುತ್ತಿದ್ದ ದೂರಶಿಕ್ಷಣದ ದಾರಿ ಈಗ ಮುಚ್ಚಿದೆ. 2025ರ ಜುಲೈ-ಆಗಸ್ಟ್ ಸಾಲಿನಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕಲಿಸಕೂಡದೆಂದು ಯುಜಿಸಿ ಹೇಳಿದೆ. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ವ್ಯಾಪ್ತಿಗೆ ಮನಶ್ಶಾಸ್ತ್ರವೂ ಬಂದದ್ದು ಇದಕ್ಕೆ ಕಾರಣ. ಇಷ್ಟಾದರೂ ಯಾರಾದರೂ ಏಜೆಂಟರು ‘ಡಿಸ್ಟೆನ್ಸ್ ಎಂಎ ಸೈಕಾಲಜಿ, ಸೀಟು ಇದೆ’ ಎಂದರೆ ದುಡ್ಡು ಕೊಡಬೇಡಿ.

ಆದ್ದರಿಂದ ಈ ಲೇಖನ ಮುಖ್ಯವಾಗಿ ಬ್ರಿಟನ್ನಿನಲ್ಲಿ ಕೆಲಸದಲ್ಲಿರುವ ಕನ್ನಡಿಗರಿಗೆ. ಬೆಂಗಳೂರಿನ ಎಚ್‌ಆರ್ ವಿಭಾಗದಲ್ಲಿದ್ದು ಬ್ರಿಟಿಷ್ ವಿಶ್ವವಿದ್ಯಾಲಯದ ಆನ್‌ಲೈನ್ ಕೋರ್ಸಿನ ಮೇಲೆ ಕಣ್ಣಿಟ್ಟವರಿಗೂ ಓದಿನ ಭಾಗ ಹಾಗೆಯೇ ಹೊಂದುತ್ತದೆ. ಆದರೆ ಅವರು ಒಂದು ಎಚ್ಚರ ವಹಿಸಬೇಕು: ಮುಂದೆ ಭಾರತದಲ್ಲಿ ಸರ್ಕಾರಿ ಕೆಲಸ, ಅಧ್ಯಾಪನ, ಪಿಎಚ್‌ಡಿ ಆಸೆಯಿದ್ದರೆ, ಆ ಪದವಿಗೆ ಇಲ್ಲಿ ತತ್ಸಮಾನತೆ ಸಿಗುತ್ತದೆಯೇ ಎಂಬುದಕ್ಕೆ ಫೀಸು ಕಟ್ಟುವ ಮೊದಲೇ ಲಿಖಿತ ಉತ್ತರ ಪಡೆಯಬೇಕು.

ಮೊದಲು: ಬಿರುದು ಬೇಕೋ, ಹತ್ಯಾರ ಬೇಕೋ

ಬ್ರಿಟನ್ನಿನಲ್ಲಿ ‘ಸೈಕಾಲಜಿಸ್ಟ್’ ಎಂದು ಬರೇ ಹೆಸರು ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ‘ಆಕ್ಯುಪೇಷನಲ್ ಸೈಕಾಲಜಿಸ್ಟ್’ ಎಂಬುದು ಮಾತ್ರ ಕಾನೂನಿನ ರಕ್ಷಣೆಯಿರುವ ಬಿರುದು. 2009ರಿಂದ ಅದು ಎಚ್‌ಸಿಪಿಸಿ ಎಂಬ ನಿಯಂತ್ರಣ ಸಂಸ್ಥೆಯ ಕೈಯಲ್ಲಿದೆ. ಅಲ್ಲಿ ನೋಂದಣಿಯಾಗದೆ ಲಿಂಕ್ಡ್‌ಇನ್‌ನಲ್ಲಿ ಹಾಗೆ ಬರೆದುಕೊಂಡರೂ ಅಪರಾಧವೇ.

ಆ ಬಿರುದಿಗೆ ಮೂರು ಮೆಟ್ಟಿಲು. ಒಂದು, ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯಿಂದ ಜಿಬಿಸಿ ಎಂಬ ಮಾನ್ಯತೆ. ನಿಮ್ಮ ಪದವಿ ಮಟ್ಟದ ಮನಶ್ಶಾಸ್ತ್ರ ಸಾಕಷ್ಟಿದೆ ಎಂಬುದಕ್ಕೆ ಅದು ಮುದ್ರೆ. ಎರಡು, ಅದೇ ಸೊಸೈಟಿ ಸ್ಟೇಜ್ 1 ಎಂದು ಒಪ್ಪಿದ ಎಂಎಸ್‌ಸಿ. ಮೂರು, ಸ್ಟೇಜ್ 2: ಮೇಲ್ವಿಚಾರಕರ ಕೈಕೆಳಗೆ ಕನಿಷ್ಠ ಎರಡು ವರ್ಷ ಕೆಲಸ.

ಬಿರುದು ಬೇಡ, ಈಗಿರುವ ಎಚ್‌ಆರ್ ಅಥವಾ ಮ್ಯಾನೇಜರ್ ಕೆಲಸವನ್ನೇ ಬುಡ ಗಟ್ಟಿಮಾಡಿಕೊಂಡು ಮಾಡಬೇಕು ಎನ್ನುವವರಿಗೆ ಜಿಬಿಸಿಯ ತಲೆನೋವಿಲ್ಲ. ಬಿಇ, ಬಿಕಾಂ, ಎಂಬಿಎ ಓದಿದವರನ್ನೂ ಸೇರಿಸಿಕೊಳ್ಳುವ ಕೋರ್ಸುಗಳಿವೆ. ‘ಬಿಸಿನೆಸ್ ಸೈಕಾಲಜಿ’ ಹೆಸರಿನವು ಹಲವು ಈ ಬಗೆಯವು. ನಮ್ಮ ಅಭಿಪ್ರಾಯದಲ್ಲಿ ಹತ್ತು ವರ್ಷ ಉದ್ಯೋಗದಲ್ಲಿ ಪಳಗಿದವರಿಗೆ ಈ ಎರಡನೆಯ ದಾರಿಯೇ ಲೇಸು. ತೊಂದರೆ ಆಗುವುದು ಮೊದಲ ದಾರಿಯ ಆಸೆ ಇಟ್ಟುಕೊಂಡು ಎರಡನೆಯ ದಾರಿಯ ಕೋರ್ಸಿಗೆ ಸೇರಿದಾಗ. ಎರಡು ವರ್ಷ ಓದಿ ಮುಗಿಸಿದ ಮೇಲೆ, ಸೊಸೈಟಿಯ ಮಾನ್ಯ ಪಟ್ಟಿಯಲ್ಲಿ ತಮ್ಮ ಎಂಎಸ್‌ಸಿ ಇಲ್ಲವೆಂದು ಗೊತ್ತಾಗುತ್ತದೆ. ಕೋರ್ಸಿನ ಹೆಸರು ನೋಡಬೇಡಿ, ಸೊಸೈಟಿಯ ವೆಬ್‌ಸೈಟಿನಲ್ಲಿ ನೀವು ಸೇರುವ ವರ್ಷಕ್ಕೆ ಆ ಕೋರ್ಸಿದೆಯೇ ಎಂದು ನೋಡಿ. ಮಾನ್ಯತೆ ಬರುವುದೂ ಹೋಗುವುದೂ ಉಂಟು.

ಕಾಗದಪತ್ರ

ಭಾರತದಲ್ಲಿ ಬಿಎ ಮನಶ್ಶಾಸ್ತ್ರ ಓದಿದವರ ಜಿಬಿಸಿ ಅರ್ಜಿಯನ್ನು ಸೊಸೈಟಿ ಒಂದೊಂದಾಗಿ ಪರಿಶೀಲಿಸುತ್ತದೆ. ನಮ್ಮ ಹಳೆಯ ಮೂರು ವಿಷಯಗಳ ಬಿಎಯಲ್ಲಿ ಮನಶ್ಶಾಸ್ತ್ರದ ಪಾಲು ಮೂರನೆಯ ಒಂದರಷ್ಟೇ. ಇತಿಹಾಸ, ಸಮಾಜಶಾಸ್ತ್ರ ಉಳಿದದ್ದನ್ನು ತಿಂದಿರುತ್ತವೆ. ಸ್ವತಂತ್ರ ಸಂಶೋಧನಾ ಪ್ರಾಜೆಕ್ಟ್ ಕೂಡ ಇರುವುದು ಅಪರೂಪ. ಹಾಗಾಗಿ ಅರ್ಜಿ ತಿರಸ್ಕೃತವಾದರೆ ಆಶ್ಚರ್ಯಪಡಬೇಡಿ. ಆಗ ಪದವಿ ಮಟ್ಟದ ಮನಶ್ಶಾಸ್ತ್ರದ ಕೊರತೆ ತುಂಬುವ ‘ಕನ್ವರ್ಷನ್’ ಕೋರ್ಸೊಂದನ್ನು ಮೊದಲು ಮುಗಿಸಬೇಕಾಗುತ್ತದೆ. ಪಾರ್ಟ್-ಟೈಮ್ ಆದರೆ ಅದಕ್ಕೇ ಎರಡು ವರ್ಷ ಹಿಡಿಯಬಹುದು, ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಊರಿಗೆ ಹೋದಾಗ ಮಾಡಿಸಿಕೊಂಡು ಬರಬೇಕಾದ್ದು ಎರಡು. ಒಂದು ಟ್ರಾನ್ಸ್‌ಕ್ರಿಪ್ಟ್. ನಿಮ್ಮ ಬಳಿಯಿರುವ ಮಾರ್ಕ್ಸ್ ಕಾರ್ಡುಗಳ ಕಟ್ಟು ಟ್ರಾನ್ಸ್‌ಕ್ರಿಪ್ಟ್ ಅಲ್ಲ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗ ಎಲ್ಲ ಸೆಮಿಸ್ಟರುಗಳನ್ನೂ ಒಟ್ಟಿಗೆ ಬರೆದು, ಸಹಿ ಮೊಹರು ಹಾಕಿ ಕೊಡುವ ದಾಖಲೆ ಅದು. ಇನ್ನೊಂದು ನೀವು ಓದಿದ ವರ್ಷದ ಸಿಲಬಸ್, ವಿಭಾಗದ ಮೊಹರಿನೊಡನೆ. ಇದನ್ನು ಬಹಳ ಜನ ಮರೆಯುತ್ತಾರೆ. ಈಗಿನ ಸಿಲಬಸ್ ವೆಬ್‌ಸೈಟಿನಲ್ಲಿ ಸಿಗುತ್ತದೆ, 2009ರದ್ದು ಹಳೆಯ ಕಪಾಟಿನಲ್ಲಿರುತ್ತದೆ. ಮೂರು ವಾರದ ರಜೆಯ ಮೊದಲ ದಿನವೇ ಅರ್ಜಿ ಕೊಟ್ಟು, ಕೊನೆಯ ವಾರ ತರಲು ಹೋಗಿ. ತಲಾ ಮೂರು ಪ್ರತಿ ಮಾಡಿಸಿ.

ದುಡ್ಡಿನ ಮಾತು

ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವವರು ಕೆಲಸದ ಜೊತೆಗೆ ಓದಬಹುದು. ಇನ್ನೊಂದು ವೀಸಾ ಬೇಕಿಲ್ಲ. ಆದರೆ ಓದಲು ಅನುಮತಿಯಿದ್ದ ಮಾತ್ರಕ್ಕೆ ಕಡಿಮೆ ಫೀಸು ಸಿಗುವುದಿಲ್ಲ. ಇಂಗ್ಲೆಂಡಿನಲ್ಲಿ ‘ಹೋಮ್’ ಫೀಸಿಗೆ ಸಾಮಾನ್ಯವಾಗಿ ಐಎಲ್‌ಆರ್, ಅಂದರೆ ಕಾಯಂ ವಾಸದ ಹಕ್ಕು, ಹಾಗೂ ಮೂರು ವರ್ಷದ ವಾಸ ಬೇಕು. ಇಲ್ಲದಿದ್ದರೆ ವಿದೇಶಿ ವಿದ್ಯಾರ್ಥಿಯ ಫೀಸು. ಎಷ್ಟೋ ಕಡೆ ಅದು ಇಮ್ಮಡಿಯ ಹತ್ತಿರ ಹೋಗುತ್ತದೆ. ಕೋರ್ಸ್ ಶುರುವಾಗುವ ದಿನಕ್ಕೆ ನಿಮ್ಮ ಸ್ಥಿತಿ ಏನಿತ್ತು ಎಂಬುದನ್ನು ಹಿಡಿದು ಇದು ತೀರ್ಮಾನವಾಗುತ್ತದೆ. ಐಎಲ್‌ಆರ್‌ಗೆ ಎಂಟು ತಿಂಗಳು ಬಾಕಿಯಿದ್ದರೆ ಒಂದು ವರ್ಷ ತಡೆದು ಸೇರುವುದು ಜಾಣತನ. ಸರ್ಕಾರದ ಸ್ನಾತಕೋತ್ತರ ಸಾಲಕ್ಕೂ ಹೆಚ್ಚುಕಡಿಮೆ ಇದೇ ನಿಯಮ. ವರ್ಷಕ್ಕೆ 21,000 ಪೌಂಡಿಗಿಂತ ಮೇಲಿನ ಸಂಬಳದಲ್ಲಿ 6 ಶೇಕಡಾ ಅದಕ್ಕೆ ಮುರಿಯುತ್ತದೆ.

ಕಂಪನಿಯೇ ಫೀಸು ಕೊಡುತ್ತದೆಂದರೆ ‘ಕ್ಲಾಬ್ಯಾಕ್’ ಷರತ್ತನ್ನು ಓದಿ. ಕೋರ್ಸ್ ಮುಗಿದು ಇಷ್ಟು ತಿಂಗಳೊಳಗೆ ಕೆಲಸ ಬಿಟ್ಟರೆ ಹಣ ವಾಪಸ್ ಎಂದಿರುತ್ತದೆ. ಲೆಕ್ಕ ಶುರುವಾಗುವುದು ಕೋರ್ಸ್ ಮುಗಿದಾಗಲೋ, ಕಂತು ಕಟ್ಟಿದಾಗಲೋ ಎಂಬುದನ್ನು ಬರವಣಿಗೆಯಲ್ಲಿ ಕೇಳಿ.

ಗಂಟೆಗಳ ಲೆಕ್ಕ

ಎಂಎಸ್‌ಸಿ ಎಂದರೆ 180 ಕ್ರೆಡಿಟ್. ಒಂದು ಕ್ರೆಡಿಟ್‌ಗೆ ಹತ್ತು ಗಂಟೆ ದುಡಿಮೆ ಎಂಬುದು ಅಲ್ಲಿನ ಲೆಕ್ಕ. ಒಟ್ಟು 1,800 ಗಂಟೆ. ಎರಡು ವರ್ಷದ 104 ವಾರಕ್ಕೆ ಹಂಚಿದರೆ ವಾರಕ್ಕೆ ಹದಿನೇಳೂ ಕಾಲು ಬರುತ್ತದೆ. ಆದರೆ ಯಾರೂ 104 ವಾರ ಓದುವುದಿಲ್ಲ. ಕ್ರಿಸ್‌ಮಸ್ಸು, ಮಕ್ಕಳ ರಜೆ, ಜ್ವರ, ಊರಿನ ಪ್ರಯಾಣ ಕಳೆದರೆ 85 ವಾರ ಉಳಿದರೆ ಹೆಚ್ಚು. ಆಗ ವಾರಕ್ಕೆ 21 ಗಂಟೆ. ನಡೆಯಬಲ್ಲ ಒಂದು ಹಂಚಿಕೆ ಹೀಗಿರುತ್ತದೆ: ಎರಡು ಸಂಜೆ ಪಾಠ, 6 ಗಂಟೆ, ರೈಲಿನಲ್ಲಿ ಓದು, 4, ಶನಿವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಬರವಣಿಗೆ, 5, ಇನ್ನೊಂದು ಸಂಜೆ 2, ಭಾನುವಾರ 4. ರೈಲಿನಲ್ಲಿ ಓದಬಹುದು, ಬರೆಯಲಾಗದು. ಬರವಣಿಗೆಗೆ ಎರಡು ಗಂಟೆಗಿಂತ ಚಿಕ್ಕ ತುಂಡು ಸಾಲದು, ಕಳೆದ ವಾರ ಎಲ್ಲಿಗೆ ನಿಲ್ಲಿಸಿದ್ದೆವು ಎಂದು ನೆನಪಿಸಿಕೊಳ್ಳುವುದರಲ್ಲೇ ಅದು ಮುಗಿಯುತ್ತದೆ.

ಏಪ್ರಿಲ್-ಮೇ ತಿಂಗಳು ಅಸೈನ್‌ಮೆಂಟ್ ಗಡುವುಗಳ ಕಾಲ. ಊರಲ್ಲಿ ಮದುವೆಗಳ ಕಾಲವೂ ಅದೇ. ಯಾವ ಮದುವೆಗೆ ಹೋಗುತ್ತೀರಿ, ಯಾವುದಕ್ಕಿಲ್ಲ ಎಂಬುದನ್ನು ಸೆಪ್ಟೆಂಬರಿನಲ್ಲೇ ಮನೆಯಲ್ಲಿ ಇತ್ಯರ್ಥ ಮಾಡಿಕೊಂಡಿರಿ. ಡಿಸರ್ಟೇಷನ್, ಅಂದರೆ ಕೊನೆಯ ಸಂಶೋಧನಾ ಪ್ರಬಂಧ, ಬರೆದು ಮುಗಿಸಲು ಎರಡನೆಯ ವರ್ಷದ ಆಗಸ್ಟಿಗೆ ಐದು ದಿನ ರಜೆ ಉಳಿಸಿಡಿ.

ಸಂಖ್ಯಾಶಾಸ್ತ್ರ: ಜನ ಬಿಟ್ಟು ಹೋಗುವ ಜಾಗ

ಪಾಠದ ವಿಷಯಗಳು ಐದು ದಿಕ್ಕಿನವು: ಉದ್ಯೋಗದಲ್ಲಿ ಮನೋಮಾಪನ, ಕಲಿಕೆ ಮತ್ತು ತರಬೇತಿ, ನಾಯಕತ್ವ ಮತ್ತು ಪ್ರೇರಣೆ, ಕೆಲಸ ಹಾಗೂ ಕ್ಷೇಮ, ಕೆಲಸದ ವಿನ್ಯಾಸ ಮತ್ತು ಸಂಸ್ಥೆಯ ಬದಲಾವಣೆ. ಇವುಗಳಲ್ಲಿ ಅನುಭವಸ್ಥರಿಗೆ ಯಾವುದೂ ಕಷ್ಟವೆನಿಸುವುದಿಲ್ಲ. ಆರನೆಯದು ಸಂಶೋಧನಾ ವಿಧಾನ. ಕೈ ಚೆಲ್ಲುವವರು ಕೈ ಚೆಲ್ಲುವುದು ಇಲ್ಲಿ.

ಅಂದಹಾಗೆ ಈ ಭಾಗಕ್ಕೂ ಮೈಸೂರಿಗೂ ನಂಟಿದೆ. ಪ್ರಶ್ನೆಗಳ ಗುಂಪಿನ ಹಿಂದೆ ಅಡಗಿರುವ ಅಂಶವನ್ನು ಹುಡುಕುವ ಫ್ಯಾಕ್ಟರ್ ಅನಾಲಿಸಿಸ್‌ನ ಮೂಲ ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್‌ರ 1904ರ ಕೆಲಸ. ಅವರ ಗರಡಿಯಲ್ಲಿ ಪಳಗಿ ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. 1935ರಲ್ಲಿ ಮನೆಯಲ್ಲೇ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರ ಶುರುಮಾಡಿದವರೂ ಅವರೇ.

ಕೋರ್ಸ್ ಶುರುವಾಗುವ ಮೂರು ತಿಂಗಳು ಮೊದಲು ಜಮೋವಿ ಎಂಬ ತಂತ್ರಾಂಶವನ್ನು ಇಳಿಸಿಕೊಳ್ಳಿ. ಉಚಿತ, ಕೋಡ್ ಬರೆಯಬೇಕಿಲ್ಲ. ವಾರಕ್ಕೆ ನಾಲ್ಕು ಗಂಟೆಯಂತೆ ಈ ಕ್ರಮದಲ್ಲಿ ಕಲಿಯಿರಿ: ಸರಾಸರಿ ಮತ್ತು ಪ್ರಮಾಣಿತ ವಿಚಲನೆ, ಸಹಸಂಬಂಧ, ಟಿ-ಟೆಸ್ಟ್, ರಿಗ್ರೆಷನ್, ಪ್ರಶ್ನಾವಳಿಯ ವಿಶ್ವಾಸಾರ್ಹತೆ. ಇಷ್ಟು ಬಂದರೆ ಮೊದಲ ವರ್ಷ ಉಸಿರು ಕಟ್ಟುವುದಿಲ್ಲ. ವಿಶ್ವವಿದ್ಯಾಲಯ ಎಸ್‌ಪಿಎಸ್‌ಎಸ್ ಅಥವಾ ಆರ್ ಎಂಬ ತಂತ್ರಾಂಶ ಬಳಸಬಹುದು. ಫಲಿತಾಂಶದ ಕೋಷ್ಟಕಗಳನ್ನು ಓದುವುದು ಗೊತ್ತಿದ್ದವರಿಗೆ ಸಾಧನ ಬದಲಾದರೆ ಹತ್ತು ದಿನದ ಕೆಲಸ.

ಅಭ್ಯಾಸಕ್ಕೆ ಬ್ರಿಟನ್ನಿನಲ್ಲಿ ಕೆಲಸದ ಸ್ಥಳದ ಆರೋಗ್ಯ-ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಚ್‌ಎಸ್‌ಇ ಉಚಿತವಾಗಿ ಕೊಡುವ 35 ಪ್ರಶ್ನೆಗಳ ಒತ್ತಡದ ಪ್ರಶ್ನಾವಳಿ ಚೆನ್ನಾಗಿದೆ. ಕೆಲಸದ ಹೊರೆ, ಹಿಡಿತ, ಬೆಂಬಲ, ಸಂಬಂಧ, ಪಾತ್ರ, ಬದಲಾವಣೆ ಎಂಬ ಆರು ವಿಷಯಗಳನ್ನು ಅದು ಅಳೆಯುತ್ತದೆ. ಹೆಚ್ಚಿನ ಅಂಕವೆಂದರೆ ಒಳ್ಳೆಯ ಸ್ಥಿತಿ. ಹೊರೆ ಮತ್ತು ಸಂಬಂಧದ ಪ್ರಶ್ನೆಗಳ ಅಂಕವನ್ನು ತಿರುವಿ ಹಾಕಬೇಕು, 1 ಬಂದಲ್ಲಿ 5. ಇದನ್ನು ಮರೆತರೆ ಸೋತು ಸುಣ್ಣವಾದ ವಿಭಾಗ ಅತಿ ಸುಖಿಯಾಗಿ ಕಾಣುತ್ತದೆ. ಬೇರೆ ಪ್ರಶ್ನಾವಳಿಗಳಲ್ಲಿ ಒಂದೇ ಅಳತೆಯೊಳಗೆ ಕೆಲವು ಪ್ರಶ್ನೆ ನೇರ, ಕೆಲವು ತಿರುವು ಇರುತ್ತವೆ. ಅಲ್ಲಿ ಮರೆತರೆ, ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಕ್ರೋನ್‌ಬ್ಯಾಕ್ ಆಲ್ಫಾ ಎಂಬ ಅಳತೆ ಕುಸಿಯುತ್ತದೆ. ಸಾಮಾನ್ಯವಾಗಿ ಅದು 0.70ಕ್ಕೆ ಮೇಲಿರಲಿ ಎನ್ನುತ್ತಾರೆ, 0.2 ಬಂತೆಂದರೆ ಅಥವಾ ಮೈನಸ್ ಬಂತೆಂದರೆ ಜನರನ್ನು ಬೈಯುವ ಮೊದಲು ತಿರುವಿನ ಪ್ರಶ್ನೆಗಳನ್ನು ನೋಡಿ.

ಓದುವ ರೀತಿ, ಬರೆಯುವ ರೀತಿ

ಅಂಕಗಳ ವಿಷಯದಲ್ಲಿ ಮೊದಲ ಆಘಾತ. 50 ಬಂದರೆ ಪಾಸು, 60ಕ್ಕೆ ಮೆರಿಟ್, 70ಕ್ಕೆ ಡಿಸ್ಟಿಂಕ್ಷನ್. 64 ಎಂಬುದು ಒಳ್ಳೆಯ ಅಂಕ, 90 ಎಂಬುದನ್ನು ಯಾರೂ ಕಂಡಿರುವುದಿಲ್ಲ. ಎಸ್‌ಎಸ್‌ಎಲ್‌ಸಿಯಿಂದಲೂ ತೊಂಬತ್ತರ ಮೇಲೇ ಬಂದವರು ಮೊದಲ 58 ನೋಡಿ ತಮಗಿದು ಆಗದೆಂದು ತೀರ್ಮಾನಿಸಿಬಿಡುತ್ತಾರೆ. ಆ ಕಾಗದದ ಅಂಚಿನಲ್ಲಿರುವ ಟಿಪ್ಪಣಿ ಓದಿ. ಬಹುಪಾಲು ಅಲ್ಲಿರುವುದು ಒಂದೇ ಮಾತು: ‘ವಿವರಣೆ ಇದೆ, ವಿಮರ್ಶೆ ಇಲ್ಲ.’

ವಿಮರ್ಶೆಯೆಂದರೆ ಏನು ಎಂಬುದಕ್ಕೆ ಈ ಕ್ಷೇತ್ರದ್ದೇ ಒಂದು ಉದಾಹರಣೆ. ಬುದ್ಧಿಶಕ್ತಿಯ ಪರೀಕ್ಷೆಗೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಇರುವ ಸಂಬಂಧ 0.51 (0 ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಪೂರ್ಣ ಸಂಬಂಧ) ಎಂದು 1998ರ ಒಂದು ದೊಡ್ಡ ಸಮೀಕ್ಷಾ ಲೇಖನ ಹೇಳಿತ್ತು. ಎರಡು ದಶಕಕ್ಕೂ ಹೆಚ್ಚು ಕಾಲ ಆ ಸಂಖ್ಯೆಯನ್ನು ಎಲ್ಲರೂ ಮಂತ್ರದಂತೆ ಹೇಳಿದರು. 2022ರಲ್ಲಿ ಸ್ಯಾಕೆಟ್ ಮತ್ತು ಜೊತೆಗಾರರು ಲೆಕ್ಕವನ್ನು ಮತ್ತೆ ಬಿಚ್ಚಿ ನೋಡಿದರು. ಆಯ್ಕೆಯಾದವರನ್ನು ಮಾತ್ರ ಅಳೆದಾಗ ಸಂಬಂಧ ಕುಗ್ಗಿ ಕಾಣುತ್ತದೆ, ಅದನ್ನು ತಿದ್ದಲು ಒಂದು ಸೂತ್ರವಿದೆ. ಆ ತಿದ್ದುಪಡಿ ಬೇಕಿಲ್ಲದ ಅಧ್ಯಯನಗಳಿಗೂ ಅದನ್ನು ಹಚ್ಚಿದ್ದರಿಂದ ಸಂಖ್ಯೆ ಉಬ್ಬಿತ್ತು ಎಂದು ಅವರು ತೋರಿಸಿದರು. ಹೊಸ ಅಂದಾಜು 0.31. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಮೊದಲೇ ಗೊತ್ತುಮಾಡಿದ ಮಾನದಂಡದಿಂದ ಅಂಕ ಕೊಡುವ ಇಂಟರ್‌ವ್ಯೂ 0.42ರೊಂದಿಗೆ ಮೇಲೆ ಬಂತು. ಆಯ್ಕೆಯ ಬಗ್ಗೆ ಪ್ರಬಂಧ ಬರೆಯುವಾಗ ‘0.31’ ಎಂದು ಬರೆದರೆ ವಿವರಣೆ. 0.51 ಏಕೆ ಬಂತು, ಆ ತಿದ್ದುಪಡಿಯ ವಾದ ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ತೂಗಿದರೆ ವಿಮರ್ಶೆ.

ಆದ್ದರಿಂದ ಸಂಶೋಧನಾ ಲೇಖನವನ್ನು ಮೊದಲ ಪುಟದಿಂದ ಕೊನೆಗೆ ಓದಬೇಡಿ. ಸಾರಾಂಶ, ಆಮೇಲೆ ನೇರ ವಿಧಾನದ ಭಾಗಕ್ಕೆ: ಎಷ್ಟು ಜನ, ಯಾರು, ಯಾವಾಗ ಅಳೆದರು. ಆಮೇಲೆ ಕೋಷ್ಟಕ. ಕೊನೆಗೆ ಲೇಖಕರು ಏನು ಹೇಳಿಕೊಂಡಿದ್ದಾರೆ ಎಂಬುದು. ಒಂದು ಲೇಖನಕ್ಕೆ ಅರ್ಧ ಪುಟ ಟಿಪ್ಪಣಿ, ನಿಮ್ಮದೇ ಮಾತಿನಲ್ಲಿ. ಲೇಖಕರ ವಾಕ್ಯವನ್ನು ಯಥಾವತ್ತು ಇಳಿಸಿಕೊಂಡಿದ್ದರೆ ಆಗಲೇ ಉದ್ಧರಣ ಚಿಹ್ನೆ ಹಾಕಿ. ಮೂರು ತಿಂಗಳ ಬಳಿಕ ಅದು ನಿಮ್ಮ ವಾಕ್ಯವೆಂದೇ ನಿಮಗೆ ಅನಿಸಿ ಪ್ರಬಂಧಕ್ಕೆ ಸೇರುತ್ತದೆ, ಕೃತಿಚೌರ್ಯ ಪತ್ತೆಹಚ್ಚುವ ತಂತ್ರಾಂಶ ಅದನ್ನು ಹಿಡಿಯುತ್ತದೆ.

ಡಿಸರ್ಟೇಷನ್: ಜನ ಸಿಗುವುದು ಮೊದಲು, ವಿಷಯ ಆಮೇಲೆ

60 ಕ್ರೆಡಿಟ್ ಸಾಮಾನ್ಯ, ಅಂದರೆ ಇಡೀ ಪದವಿಯ ಮೂರನೆಯ ಒಂದು. ವಿಷಯ ಸೊಗಸಾಗಿದ್ದು ಉತ್ತರ ಕೊಡುವವರು ಸಿಗದೆ ಕೆಟ್ಟ ಡಿಸರ್ಟೇಷನ್ನುಗಳೇ ಹೆಚ್ಚು. ಹಾಗಾಗಿ ಎರಡನೆಯ ವರ್ಷದ ಅಕ್ಟೋಬರಿನಲ್ಲಿ ಮೊದಲು ಕೇಳಿಕೊಳ್ಳಬೇಕಾದ್ದು: ಯಾವ ಸಂಸ್ಥೆಯ ಬಾಗಿಲು ನನಗೆ ತೆರೆಯುತ್ತದೆ?

ಎಷ್ಟು ಜನ ಬೇಕು ಎಂಬುದನ್ನು ಜಿ-ಪವರ್ ಎಂಬ ಉಚಿತ ತಂತ್ರಾಂಶ ಹೇಳುತ್ತದೆ. 0.3ರಷ್ಟು ಸಹಸಂಬಂಧವನ್ನು 80 ಶೇಕಡಾ ಭರವಸೆಯಲ್ಲಿ ಹಿಡಿಯಬೇಕಾದರೆ ಸುಮಾರು 85 ಜನ. ಸಂಬಂಧ 0.2 ಇದ್ದರೆ 190 ದಾಟುತ್ತದೆ. ಎರಡು ಗುಂಪುಗಳ ನಡುವಿನ ಮಧ್ಯಮ ವ್ಯತ್ಯಾಸಕ್ಕೆ ತಲಾ 64. ಈಗ ಹಿಂದಕ್ಕೆ ಲೆಕ್ಕ ಹಾಕಿ: ಕಳಿಸಿದವರಲ್ಲಿ ನೂರಕ್ಕೆ 30 ಜನ ಉತ್ತರಿಸಿ, ಅವರಲ್ಲಿ ಹತ್ತಕ್ಕೊಬ್ಬರು ಅರ್ಧಕ್ಕೆ ಬಿಟ್ಟರೆ, 85 ಪೂರ್ಣ ಉತ್ತರಕ್ಕೆ ಸುಮಾರು 315 ಜನಕ್ಕೆ ಕಳಿಸಬೇಕು. ನಿಮ್ಮ ಕಂಪನಿಯಲ್ಲಿರುವುದೇ 120 ಜನವೆಂದರೆ ವಿಷಯ ಬದಲಿಸಿ, ಇಲ್ಲವೇ ಹದಿನೈದು ಜನರ ಆಳವಾದ ಸಂದರ್ಶನಕ್ಕೆ ತಿರುಗಿ. ಆದರೆ ಸಂದರ್ಶನ ಸುಲಭವೆಂದು ಆ ಕಡೆ ಹೋಗಬೇಡಿ. ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ಐದಾರು ಗಂಟೆ ಹಿಡಿಯುತ್ತದೆ.

ವಿಶ್ವವಿದ್ಯಾಲಯದ ನೈತಿಕ ಸಮಿತಿಯ (ಎಥಿಕ್ಸ್ ಕಮಿಟಿ) ಒಪ್ಪಿಗೆ ಬರುವ ಮೊದಲು ಒಂದೇ ಒಂದು ಉತ್ತರವನ್ನೂ ಸಂಗ್ರಹಿಸಕೂಡದು. ಮೊದಲೇ ಸಂಗ್ರಹಿಸಿದ್ದನ್ನು ಬಿಸಾಡಿಸುತ್ತಾರೆ. ಅರ್ಜಿಯ ಜೊತೆ ಸಂಸ್ಥೆಯ ಅನುಮತಿ ಪತ್ರ ಬೇಕು. ‘ಮ್ಯಾನೇಜರ್ ಹೂಂ ಅಂದರು’ ಎಂಬುದು ಪತ್ರವಲ್ಲ. ನಿಮ್ಮ ಕೈಕೆಳಗಿನವರನ್ನೇ ಪಾಲ್ಗೊಳ್ಳಲು ಕರೆದರೆ ಸಮಿತಿ ತಡೆಯುತ್ತದೆ, ತಡೆಯಬೇಕಾದ್ದೇ. ಬಾಸ್ ಕೇಳಿದ್ದಕ್ಕೆ ಇಲ್ಲವೆನ್ನುವವರು ಎಷ್ಟು ಜನ? ವಯಸ್ಸು, ಲಿಂಗ, ವಿಭಾಗ, ಹುಟ್ಟಿದ ದೇಶ ನಾಲ್ಕನ್ನೂ ಕೇಳಿದರೆ ಹೆಸರಿಲ್ಲದಿದ್ದರೂ ಆಳು ಯಾರೆಂದು ತಿಳಿಯುತ್ತದೆ. ವಿಶ್ಲೇಷಣೆಗೆ ಬೇಕಾದ್ದನ್ನಷ್ಟೇ ಕೇಳಿ, ಹತ್ತಕ್ಕಿಂತ ಚಿಕ್ಕ ಗುಂಪಿನ ಅಂಕಿಗಳನ್ನು ಬೇರೆ ತೋರಿಸಬೇಡಿ.

ಪ್ರಶ್ನಾವಳಿಯನ್ನು ನೀವೇ ಹೊಸೆಯಬೇಡಿ. ಕೆಲಸದ ಉತ್ಸಾಹಕ್ಕೆ (ಎಂಗೇಜ್‌ಮೆಂಟ್) ಯುಡಬ್ಲ್ಯುಇಎಸ್ ಎಂಬ ಪ್ರಶ್ನಾವಳಿಯ 9 ಪ್ರಶ್ನೆಗಳ ರೂಪವಿದೆ, ವಾಣಿಜ್ಯೇತರ ಸಂಶೋಧನೆಗೆ ಉಚಿತ. ಬರ್ನ್‌ಔಟ್‌ಗೆ, ಅಂದರೆ ಕೆಲಸದಿಂದ ಬಸವಳಿದು ಹೋಗುವುದಕ್ಕೆ, ಹೆಸರಾದ ಮ್ಯಾಸ್ಲಾಕ್ ಪ್ರಶ್ನಾವಳಿಗೆ ಹಣ ತೆರಬೇಕು. ಓಲ್ಡನ್‌ಬರ್ಗ್ ಪ್ರಶ್ನಾವಳಿಗೆ ಬೇಕಿಲ್ಲ. ಎಲ್ಲವನ್ನೂ ಒಂದೇ ದಿನ ಒಬ್ಬರಿಂದಲೇ ತುಂಬಿಸಿದರೆ ಆ ದಿನದ ಮನಸ್ಥಿತಿಯೇ ಎಲ್ಲ ಉತ್ತರಗಳಿಗೂ ಹತ್ತಿ, ಇಲ್ಲದ ಸಂಬಂಧ ಕಾಣಿಸಿಕೊಳ್ಳುತ್ತದೆ. ಕಾರಣವನ್ನು ಮೊದಲು, ಪರಿಣಾಮವನ್ನು ಮೂರು ವಾರ ಬಿಟ್ಟು ಅಳೆಯಿರಿ. ಎರಡನ್ನೂ ಜೋಡಿಸಲು ತಾಯಿಯ ಹೆಸರಿನ ಮೊದಲೆರಡು ಅಕ್ಷರ, ಹುಟ್ಟಿದ ತಾರೀಖು ಸೇರಿಸಿದ ಸಂಕೇತ ಸಾಕು. ಎರಡನೆಯ ಸುತ್ತಿಗೆ ಒಂದಷ್ಟು ಜನ ಬರುವುದಿಲ್ಲ, ಆ 315ನ್ನು ಅದಕ್ಕೆ ತಕ್ಕಂತೆ ಏರಿಸಿಕೊಳ್ಳಿ.

ಕರ್ನಾಟಕದ ಕಾರ್ಖಾನೆಯಲ್ಲೋ ಗಾರ್ಮೆಂಟ್ಸ್‌ನಲ್ಲೋ ಕನ್ನಡದಲ್ಲಿ ಸಮೀಕ್ಷೆ ಮಾಡುವ ಅವಕಾಶ ಸಿಕ್ಕರೆ ಬಿಡಬೇಡಿ, ಆದರೆ ಅನುವಾದಕ್ಕೆ ಎರಡು ತಿಂಗಳು ಇಟ್ಟುಕೊಳ್ಳಿ. ಒಬ್ಬರು ಕನ್ನಡಕ್ಕೆ ತರಬೇಕು, ಮೂಲ ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ಒಯ್ಯಬೇಕು, ಎರಡು ಇಂಗ್ಲಿಷುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಆಗ ಗೊತ್ತಾಗುತ್ತದೆ ‘ಸ್ಟ್ರೆಸ್’ ಒತ್ತಡವಾದಾಗ ರಕ್ತದೊತ್ತಡವೂ ನೆನಪಿಗೆ ಬರುತ್ತದೆಂದು. ‘ಎಂಗೇಜ್‌ಮೆಂಟ್’ ಅನ್ನು ಹಾಗೆಯೇ ಬಿಟ್ಟರಂತೂ ಕೇಳಿದವರಿಗೆ ಹೊಳೆಯುವುದು ನಿಶ್ಚಿತಾರ್ಥ. ‘ಕೆಲಸ ಮಾಡುವಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ’ ಎಂಬಂಥ ಆಡುಮಾತಿನ ವಾಕ್ಯ ಬೇಕು. ಹತ್ತು ಜನರ ಮುಂದೆ ಗಟ್ಟಿಯಾಗಿ ಓದಿ, ಅವರಿಗೆ ಏನು ಅರ್ಥವಾಯಿತೆಂದು ಅವರ ಬಾಯಿಂದಲೇ ಹೇಳಿಸಿ.

ವೇಳೆಯ ಲೆಕ್ಕ: ಅಕ್ಟೋಬರ್-ನವೆಂಬರ್ ವಿಷಯ ಮತ್ತು ಅನುಮತಿ, ಡಿಸೆಂಬರಿನಲ್ಲಿ ನೈತಿಕ ಸಮಿತಿಗೆ ಅರ್ಜಿ, ಫೆಬ್ರವರಿವರೆಗೆ ಅವರ ತಿದ್ದುಪಡಿಗಳು, ಮಾರ್ಚ್‌ನಿಂದ ಮೇ ಸಂಗ್ರಹ, ಜೂನ್ ವಿಶ್ಲೇಷಣೆ, ಜುಲೈ-ಆಗಸ್ಟ್ ಬರವಣಿಗೆ. ಹಿನ್ನೆಲೆ ಓದಿನ ಅಧ್ಯಾಯವನ್ನು ಸಮಿತಿಗಾಗಿ ಕಾಯುವ ಜನವರಿಯಲ್ಲೇ ಬರೆದು ಮುಗಿಸಬಹುದು. ಬಹಳ ಜನ ಆ ತಿಂಗಳನ್ನು ಸುಮ್ಮನೆ ಕಳೆದು ಆಗಸ್ಟಿನಲ್ಲಿ ಒದ್ದಾಡುತ್ತಾರೆ.

ಕಲಿತದ್ದರಲ್ಲಿ ಕೆಲಸಕ್ಕೆ ಬೇಗ ಉಪಯೋಗಕ್ಕೆ ಬರುವುದು, ಮನೋಮಾಪನದ ಪರೀಕ್ಷೆಗಳನ್ನು ಬಳಸಲು ಸೊಸೈಟಿ ಕೊಡುವ ‘ಟೆಸ್ಟ್ ಯೂಸರ್’ ಅರ್ಹತೆ: ಸಾಮರ್ಥ್ಯದ ಪರೀಕ್ಷೆಗೆ ಒಂದು, ವ್ಯಕ್ತಿತ್ವದ ಪರೀಕ್ಷೆಗೆ ಇನ್ನೊಂದು. ಕೆಲವು ಎಂಎಸ್‌ಸಿಗಳಲ್ಲಿ ಇದರ ತರಬೇತಿ ಸೇರಿಕೊಂಡೇ ಇರುತ್ತದೆ, ಕೆಲವಲ್ಲಿ ಬೇರೆ ಫೀಸು. ಕೋರ್ಸಿನ ಓಪನ್ ಈವ್ನಿಂಗ್‌ಗೆ ಹೋದಾಗ ಇದನ್ನು ಕೇಳಿ. ಅದರ ಜೊತೆಗೆ ಇನ್ನೆರಡು ಪ್ರಶ್ನೆ: ಕಳೆದ ವರ್ಷ ಪಾರ್ಟ್-ಟೈಮ್ ಸೇರಿದವರಲ್ಲಿ ಎಷ್ಟು ಜನ ಹೇಳಿದ ಕಾಲಕ್ಕೆ ಮುಗಿಸಿದರು, ಮತ್ತು ಕೆಲಸದ ಒತ್ತಡದಿಂದ ಒಂದು ಟರ್ಮ್ ನಿಲ್ಲಿಸಬೇಕಾದರೆ ಕಟ್ಟಿದ ಫೀಸು ಏನಾಗುತ್ತದೆ.